ಕೆಂಪು ಬಟ್ಟೆ ಕಟ್ಟಿದ ತೋಟ

ಬಸ್ಸಿಗೆ ಹೊತ್ತಾಗಿತ್ತು. ಆದರೂ ನರಸಯ್ಯ ಮೆಟ್ಟಿದ ಚಪ್ಪಲಿಯನ್ನು ಮತ್ತೆ ಕಳಚಿ, ಹುಳದ ಮನೆಯ ಬಾಗಿಲಿಗೆ ಹೋಗಿ ಇಣುಕಿದ. ಒಳಗೆ ಹದಿನಾಲ್ಕು ಬಿದಿರಿನ ತಟ್ಟೆಗಳಲ್ಲಿ ರೇಷ್ಮೆ ಹುಳಗಳು ಸರಸರ ಸದ್ದು ಮಾಡುತ್ತ ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿದ್ದವು. ಹುಳ ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದು ಐದು ದಿನವಾಗಿತ್ತು. ಹುಳ ಹೊಟ್ಟೆಬಾಕವಾಗುವುದು ಈ ದಿನಗಳಲ್ಲೇ. ಒಂದು ಹೊತ್ತಿನ ಸೊಪ್ಪು ತಪ್ಪಿದರೂ ಗೂಡು ಜೊಳ್ಳಾಗುತ್ತದೆ.

"ಲೇ ದೇವ, ಕಾಲೇಜು ಬುಡ್ತಿದ್ದಂಗೇ ಸೀದಾ ಮನೀಗೆ ಬರ್ಬೇಕು ಕಣ್ಲಾ. ಒಂದೂವರೆ ಬಸ್ಸು ತಪ್ಪಿಸ್ಕಬ್ಯಾಡ. ತೋಟಕ್ಕೋಗಿ ಎರಡು ಚೀಲ ಸೊಪ್ಪು ಕಿತ್ಕಂಡು ಬಂದು ಮೂರು ಗಂಟೆಗೆಲ್ಲಾ ಉಳಕ್ಕೆ ಆಕ್ಬುಡ್ಬೇಕು."

"ಗೊತ್ತು ಬುಡಪ್ಪ."

"ಗೊತ್ತು ಗೊತ್ತು ಅಂತೀಯ. ಮೊನ್ನೆ ಬೆಳಿಗ್ಗೆ ರಾಗಿ ಬೀಸ್ಕಂಡ್ ಬಾ ಅಂತ ಮಿಲ್ಲಿಗೆ ಕಳಿಸಿದ್ರೆ ದೀಪ ಅಚ್ಚೋ ಹೊತ್ಗೆ ಬಂದೆ."

"ಕರೆಂಟಿರ್ನಿಲ್ಲ ಅಂದ್ನಲ್ಲ."

ದೇವರಾಜು ಪಾಂಡವಪುರದ ಕಾಲೇಜಿನಲ್ಲಿ ಮೊದಲ ಪಿಯುಸಿ ಓದುತ್ತಿದ್ದ. ಅವನ ಅವ್ವ ಅಣ್ಣಮ್ಮನ ತಂದೆ ತೀರಿಕೊಂಡು ಅಂದಿಗೆ ಹನ್ನೊಂದನೆಯ ದಿನ. ತಿಥಿಗೆ ಗಂಡ ಹೆಂಡತಿ ಇಬ್ಬರೂ ಹೊಸಹೊಳಲಿಗೆ ಹೋಗದೆ ವಿಧಿಯಿರಲಿಲ್ಲ. ಮಾರನೆಯ ದಿನ ಮೊದಲ ಬಸ್ಸಿಗೆ ಬಂದುಬಿಡುವುದೆಂದು ಮಾತಾಗಿತ್ತು. ಮನೆಯಲ್ಲಿ ಉಳಿಯುವವರು ಮೂವರು: ದೇವರಾಜು, ಕಣ್ಣು ಮಂಜಾಗಿದ್ದ ಅಜ್ಜಿ ಚಿಕ್ಕಬೋರಮ್ಮ, ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ತಂಗಿ ಹೇಮಶ್ರೀ.

ಹೇಮಶ್ರೀ ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕುಳಿತಿದ್ದಳು. ಅವಳು ಹೊರಗಾಗಿ ಎರಡನೆಯ ದಿನ. ಅವಳ ತಟ್ಟೆ ಲೋಟ ಬೇರೆ. ಅಡುಗೆಮನೆಗಾಗಲಿ, ಹುಳದ ಮನೆಗಾಗಲಿ ಕಾಲಿಡುವಂತಿರಲಿಲ್ಲ. ಅದರಲ್ಲೂ ಹುಳದ ಮನೆಗೆ ಮುಟ್ಟಿನ ಮೈಲಿಗೆ ಸೋಂಕಿದರೆ ಬೆಳೆ ಸುಟ್ಟುಹೋಗುತ್ತದೆಂದು ಚಿಕ್ಕಬೋರಮ್ಮ ನಲವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಳು. ವಿಚಿತ್ರವೆಂದರೆ ಆ ಮನೆಯಲ್ಲಿ ಹುಳ ಗೊತ್ತಿದ್ದವಳು ಹೇಮಶ್ರೀಯೇ. ಹಣ್ಣಾದ ಹುಳವನ್ನು ಬೆಳಕಿಗೆ ಹಿಡಿದು ನೋಡಿ, ಇದು ಇವತ್ತು ಗೂಡು ಕಟ್ಟುತ್ತದೆ, ಇದು ನಾಳೆ ಎಂದು ಅವಳು ಹನ್ನೆರಡನೆಯ ವಯಸ್ಸಿಗೇ ಹೇಳುತ್ತಿದ್ದಳು. ಹುಳ ಆಯುವ ದಿನ ಊರಿನ ಮನೆಯವರೆಲ್ಲ ಅವಳನ್ನು ಮುಯ್ಯಾಳಿಗೆ ಕರೆಯುತ್ತಿದ್ದರು. ಒಬ್ಬರ ಮನೆಗೆ ಇವರು, ಇವರ ಮನೆಗೆ ಅವರು. ಅವಳ ಬೆರಳಿನ ಚುರುಕು ಬೇರೆ ಯಾರಿಗೂ ಇರಲಿಲ್ಲ.

ಅಪ್ಪ ಅವ್ವ ಬೀದಿ ತಿರುವು ದಾಟಿದ ಮೇಲೆ ಅವಳು ಲೆಕ್ಕದ ಪುಸ್ತಕದಿಂದ ತಲೆ ಎತ್ತಿದಳು.

"ಅಣ್ಣ, ಆಟದ ಅಂಗ್ಡಿಗೇನಾದ್ರೂ ಓದ್ರೆ ನೋಡು. ಅಪ್ಪಂಗೆ ಯೋಳ್ಬುಡ್ತೀನಿ."

"ನೀನು ಬಾಯ್ಮುಚ್ಕಂಡು ಲೆಕ್ಕ ಮಾಡಮ್ಮಿ. ಹತ್ನೇ ಕ್ಲಾಸು ಡುಮ್ಕಿ ಒಡ್ದೀಯ."

"ಯಾರು ಒಡೀತಾರೆ ಮಾರ್ಚಿಗೆ ಗೊತ್ತಾಯ್ತದೆ ಓಗು."

ದೇವರಾಜು ನಗುತ್ತ ಹೊರಟ. ಆ ನಗು ಅವನಿಗೆ ಬಹಳ ದಿನ ನೆನಪಿತ್ತು.

ಆಟದ ಅಂಗಡಿ ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಮೊದಲು ಅದು ಪೀರ್ ಅಹಮದರ ರೇಡಿಯೋ ರಿಪೇರಿ ಅಂಗಡಿ. ಅವರಿಗೆ ಕೈ ನಡುಗಲು ಶುರುವಾದ ಮೇಲೆ ಮಗ ಜಫರ್ ಹಳೆಯ ಬೋರ್ಡನ್ನು ಹಾಗೆಯೇ ಬಿಟ್ಟು, ಒಳಗೆ ಎರಡು ಟಿ.ವಿ. ಇಟ್ಟು ವಿಡಿಯೋ ಗೇಮಿನ ಪೆಟ್ಟಿಗೆ ಜೋಡಿಸಿದ್ದ. ಬಾಗಿಲಿಗೆ ನೀಲಿ ಪರದೆ. ಗೋಡೆಯಲ್ಲೊಂದು ಕರಿ ಹಲಗೆ. ಬಂದೂಕು ಹಿಡಿದು ಕಾಡು, ಸೇತುವೆ, ಕೋಟೆ ದಾಟುತ್ತ ಹೋಗುವ ಸಿಪಾಯಿಯ ಆಟವೊಂದಿತ್ತು. ಎಂಟು ಹಂತ. ಎಂಟನ್ನೂ ಮುಗಿಸಿದವನ ಹೆಸರನ್ನು ಜಫರ್ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಅಲ್ಲಿ ಇದ್ದದ್ದು ಒಂದೇ ಹೆಸರು: ಅಪ್ಪು, ಶ್ರೀರಂಗಪಟ್ಟಣ. ರೈಲಿನಲ್ಲಿ ಕಾಲೇಜಿಗೆ ಬರುತ್ತಿದ್ದ ಹುಡುಗ. ಆ ಹೆಸರಿನ ಕೆಳಗಿನ ಖಾಲಿ ಜಾಗ ದೇವರಾಜುವಿಗೆ ಮೂರು ತಿಂಗಳಿನಿಂದ ಕಣ್ಣು ಕುಕ್ಕುತ್ತಿತ್ತು.

ತರಗತಿಯಲ್ಲಿ ಅವನು ಹಿಂದಿನ ಬೆಂಚಿನವನು. ಇಂಗ್ಲಿಷಿನಲ್ಲಿ ಪಾಠ ನಡೆಯುವಾಗ ಅವನಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಕೇಳಲು ನಾಚಿಕೆ. ಆದರೆ ನೀಲಿ ಪರದೆಯ ಒಳಗೆ ಅವನು ಕುಳಿತರೆ ಹಿಂದೆ ಹುಡುಗರು ಗುಂಪು ಕಟ್ಟುತ್ತಿದ್ದರು. "ದೇವಣ್ಣ ನೋಡ್ಲಾ ಎಂಗ್ ಆರ್ತಾನೆ" ಎನ್ನುತ್ತಿದ್ದರು. ಅವನನ್ನು ಯಾರಾದರೂ ಹಾಗೆ ನೋಡುತ್ತಿದ್ದ ಜಾಗ ಅದೊಂದೇ.

ಅಂದು ಶನಿವಾರ. ಹನ್ನೊಂದೂವರೆಗೆ ಕಾಲೇಜು ಬಿಟ್ಟಿತು. ಬಸ್ಸಿಗೆ ಇನ್ನೂ ಎರಡು ಗಂಟೆ ಹೊತ್ತಿತ್ತು. ಒಂದು ಗಂಟೆ ಇಪ್ಪತ್ತು ನಿಮಿಷವಾಗುವ ಹೊತ್ತಿಗೆ ಅವನು ಏಳನೆಯ ಹಂತದಲ್ಲಿದ್ದ. ಆ ಪೆಟ್ಟಿಗೆಯಲ್ಲಿ ಆಟವನ್ನು ಅರ್ಧಕ್ಕೆ ನಿಲ್ಲಿಸಿ ಇಟ್ಟುಕೊಳ್ಳುವ ಸೌಕರ್ಯವಿರಲಿಲ್ಲ. ಎದ್ದು ಹೋದರೆ ಮತ್ತೆ ಮೊದಲಿನಿಂದ.

"ದೇವ್ರಾಜ್, ನಿಮ್ ಊರು ಬಸ್ಸು ಹಾರ್ನ್ ಹೊಡೀತಾ ಅದೆ ನೋಡೋ" ಎಂದ ಜಫರ್.

"ಮೂರು ಗಂಟೇದಕ್ಕೆ ಓಯ್ತೀನಿ ಜಫರಣ್ಣ."

"ಮನೇಲಿ ಏನೋ ಕೆಲ್ಸ ಅಂದಿದ್ದಲ್ಲೋ ಆಗ್ಲೇ?"

"ಅದೇನ್ ಮಾ ಕೆಲ್ಸ, ಸೊಪ್ಪು ಕೀಳೋದು."

ಹಾರ್ನ್ ಅವನಿಗೂ ಕೇಳಿಸಿತ್ತು. ಕಂಡಕ್ಟರ್ ಬಾಗಿಲು ಬಡಿದದ್ದೂ ಕೇಳಿಸಿತ್ತು. ಬಸ್ಸು ಹೊರಟ ಸದ್ದು ಕ್ಷೀಣಿಸುವವರೆಗೂ ಅವನ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಎಂಟನೆಯ ಹಂತದಲ್ಲಿ ಅವನ ಕೊನೆಯ ಸಿಪಾಯಿ ಸತ್ತ. ಅಲ್ಲಿಗೆ ಎದ್ದಿದ್ದರೂ ಮೂರರ ಬಸ್ಸು ಸಿಗುತ್ತಿತ್ತು. ಅವನು ಏಳಲಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಿದ. ಈ ಸಲ ಕೈ ಪಳಗಿತ್ತು. ನಾಲ್ಕೂವರೆಗೆ ಕೋಟೆ ಒಡೆಯಿತು. ಹುಡುಗರು ಕಿರುಚಿದರು. ಟಿ.ವಿ. ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಅಕ್ಷರ ಮೇಲಕ್ಕೆ ಹರಿದುಹೋದವು. ಆಮೇಲೆ ಅದೇ ಕಾಡು, ಅದೇ ಸಿಪಾಯಿ, ಮೊದಲನೆಯ ಹಂತ ಮತ್ತೆ ಬಂದು ನಿಂತಿತು.

"ಇಷ್ಟೇನಾ?" ಎಂದ ದೇವರಾಜು.

"ಇಷ್ಟೇ ಕಣೋ. ಇನ್ನೇನು, ರಾಜ್ಯ ಬರ್ಕೊಡ್ತಾರಾ?" ಎಂದು ನಕ್ಕು ಜಫರ್ ಹಲಗೆಯ ಮೇಲೆ ಅವನ ಹೆಸರು ಬರೆದ.

ಅವನು ಊರಿನ ಗೇಟಿನಲ್ಲಿ, ಬಸ್ಸು ನಿಲ್ಲುವ ಅಡ್ಡರಸ್ತೆಯಲ್ಲಿ ಇಳಿದಾಗ ಹೊತ್ತು ಇಳಿಮುಖವಾಗಿತ್ತು. ಅವರ ರೇಷ್ಮೆ ತೋಟ ನಾಲೆಯ ಆಚೆ, ಒಂದು ಮೈಲಿ ದೂರ. ಹೋಗಿ ಕಿತ್ತು ಹೊತ್ತು ತರುವಷ್ಟರಲ್ಲಿ ಏಳು ಗಂಟೆ. ಗೇಟಿನ ಪಕ್ಕದಲ್ಲೇ ಸಿದ್ದರಾಜುವಿನ ತೋಟವಿತ್ತು. ಸಿದ್ದರಾಜು ಈ ಸಲ ಹುಳ ಮೇಯಿಸಿರಲಿಲ್ಲ. ಸೊಪ್ಪು ಎದೆಯೆತ್ತರ ಬೆಳೆದು ನಿಂತಿತ್ತು. ಎರಡೂ ಮನೆಯವರು ಸೊಪ್ಪು ಕೊಟ್ಟು ತೆಗೆದುಕೊಂಡು ಮಾಡುತ್ತಿದ್ದರಿಂದ ಕಿತ್ತರೆ ಯಾರೂ ಕೇಳುತ್ತಿರಲಿಲ್ಲ.

ತೋಟದ ಮೂಲೆಯಲ್ಲಿ ಒಂದು ಗೂಟ ನೆಟ್ಟು, ಅದರ ತುದಿಗೆ ಕೆಂಪು ಬಟ್ಟೆ ಕಟ್ಟಿತ್ತು. ಔಷಧಿ ಹೊಡೆದಿದೆ, ಸೊಪ್ಪು ಮುಟ್ಟಬೇಡಿ ಎಂದು ಅದರ ಅರ್ಥ. ಆ ಊರಿನಲ್ಲಿ ನಡೆಯಲು ಕಲಿತ ಮಗುವಿಗೂ ಅದು ಗೊತ್ತು.

ದೇವರಾಜು ಬಟ್ಟೆಯನ್ನು ನೋಡಿದ. ಪಕ್ಕದ ಬದನೆಯ ಮಡಿಗಳನ್ನು ನೋಡಿದ. ಬದನೆಗೆ ಹೊಡೆದಿರಬೇಕು, ಸೊಪ್ಪಿಗೆಲ್ಲಿ ಹೊಡೆಯುತ್ತಾನೆ ಎಂದುಕೊಂಡ. ಬಟ್ಟೆ ಹಳೆಯದಿರಬೇಕು ಎಂದೂ ಅಂದುಕೊಂಡ. ಬಟ್ಟೆ ಹಳೆಯದಾಗಿರಲಿಲ್ಲ. ಅದರ ಬಣ್ಣ ಇನ್ನೂ ಮಾಸಿರಲಿಲ್ಲ. ಅದನ್ನೂ ಅವನು ಕಂಡ. ಕಂಡೇ, ಪುಸ್ತಕದ ಜೊತೆ ಮಡಿಚಿ ತಂದಿದ್ದ ಚೀಲಗಳನ್ನು ಬಿಚ್ಚಿದ.

ಮನೆಗೆ ಬಂದಾಗ ಹೇಮಶ್ರೀ ಜಗಲಿಯಿಂದ ಎದ್ದು ನಿಂತಿದ್ದಳು.

"ಎಲ್ಲೋಗಿದ್ದೆ? ಉಳ ತಟ್ಟೆ ಅಂಚಿಗೆ ಬಂದು ತಲೆ ಎತ್ಕಂಡು ನಿಂತ್ಬುಟ್ಟಿದ್ವು ಗೊತ್ತಾ? ಅಜ್ಜಿ ಮಲಗ್ಬುಟ್ಟಿತ್ತು." ಆಮೇಲೆ ದನಿ ತಗ್ಗಿಸಿದಳು. "ನಾಲ್ಕು ಗಂಟೆಗೆ ತಡೀನಾರ್ದೆ ನಾನೇ ಒಳೀಕೋದೆ ಕಣಣ್ಣ. ಬೆಳಿಗ್ಗೆ ಸೊಪ್ಪು ಒಸಿ ಉಳಿದಿತ್ತು. ಕೆಳಗಿನ್ ಎರಡು ತಟ್ಟೇಗೇ ಆಯ್ತು. ಅಜ್ಜಿಗೆ ಮಾತ್ರ ಯೋಳ್ಬ್ಯಾಡ."

"ನೀನೂ ನಾನು ತಡವಾಗಿ ಬಂದದ್ದು ಯೋಳ್ಬ್ಯಾಡ ಹಂಗಾದ್ರೆ."

"ಆಯ್ತು. ಬೇಗ ಆಕು ಓಗು, ಪಾಪ."

ಅವನು ಹನ್ನೆರಡು ತಟ್ಟೆಗಳಿಗೆ ಸೊಪ್ಪು ಹಾಕಿದ. ಕೆಳಗಿನ ಎರಡರಲ್ಲಿ ಹೇಮಶ್ರೀ ಹಾಕಿದ್ದು ಇನ್ನೂ ಉಳಿದಿತ್ತು. ಅವಕ್ಕೆ ಹಾಕಲಿಲ್ಲ. ಹಸಿದಿದ್ದ ಹುಳಗಳು ಸೊಪ್ಪಿನ ಮೇಲೆ ಮುಗಿಬಿದ್ದವು.

ಬೆಳಗಾಗುವ ಹೊತ್ತಿಗೆ ಹುಳದ ಮನೆಯಲ್ಲಿ ಸದ್ದೇ ಇರಲಿಲ್ಲ. ಹುಳಗಳು ಹಸಿರು ನೀರು ಕಾರಿಕೊಂಡು, ಮೈ ಮುರಿದುಕೊಂಡು, ಮೋಟಾಗಿ ಬಿದ್ದಿದ್ದವು. ಕೆಲವು ಇನ್ನೂ ತಲೆ ಆಡಿಸುತ್ತಿದ್ದವು. ದೇವರಾಜು ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ಚೀಲದಲ್ಲಿ ಮಿಕ್ಕಿದ್ದ ಸೊಪ್ಪನ್ನು ಕೊಂಡುಹೋಗಿ ನಾಲೆಗೆ ಸುರಿದು ಬಂದದ್ದು.

ಮೊದಲ ಬಸ್ಸಿಗೆ ಬಂದ ನರಸಯ್ಯ ತಟ್ಟೆಗಳನ್ನು ಒಂದೊಂದಾಗಿ ಹೊರಗೆಳೆದು ಅಂಗಳದಲ್ಲಿಟ್ಟ. ಹುಳವೊಂದನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತ. ಸುದ್ದಿ ತಿಳಿದು ಅಕ್ಕಪಕ್ಕದವರು ಬಂದರು. ಸಿದ್ದರಾಜುವೂ ಬಂದ. ಬಗ್ಗಿ ನೋಡಿದವನೇ ತಲೆ ಎತ್ತಿದ.

"ನರಸಣ್ಣ, ಇದು ಔಸ್ದಿ ಸೊಪ್ಪು ತಿಂದಂಗದೆ ಕಣಣ್ಣ. ಲೇ ದೇವ, ಎಲ್ಲಿ ಕಿತ್ಲಾ ಸೊಪ್ಪು? ನಮ್ ತೋಟದ್ದೇನಾರ ಕಿತ್ತಿಯಾ? ನಾನು ಮೊನ್ನೆ ಬದ್ನೆಗೆ ಒಡ್ದಾಗ ಗಾಳೀಗೆ ಸೊಪ್ಪಿನ್ ಮ್ಯಾಲೂ ಬಿತ್ತು ಅಂತ ಬಟ್ಟೆ ಕಟ್ಟಿವ್ನಿ."

ಅಂಗಳದಲ್ಲಿದ್ದವರೆಲ್ಲ ದೇವರಾಜುವಿನ ಕಡೆ ತಿರುಗಿದರು.

"ಇಲ್ಲ ಸಿದ್ದರಾಜಣ್ಣ. ನಮ್ ತೋಟದ್ದೇಯ."

ಅಷ್ಟು ಸಲೀಸಾಗಿ ಬಂದುಬಿಟ್ಟಿತು ಮಾತು.

"ನಮ್ ತೋಟಕ್ಕೆ ಔಸ್ದೀನೇ ಒಡ್ದಿಲ್ವಲ್ಲ" ಎಂದ ನರಸಯ್ಯ. "ಮತ್ತಿನ್ಯಾಕ್ ಸತ್ವು?"

ಆಗ ಜಗಲಿಯ ಮೂಲೆಯಿಂದ ಹೇಮಶ್ರೀ ಎದ್ದಳು.

"ಅಪ್ಪ, ನಾನು ನೆನ್ನೆ ಒಳಗೋಗಿದ್ದೆ. ಉಳ ಅಸ್ಕಂಡಿದ್ವು, ಅದ್ಕೆ. ಅಜ್ಜಿ ಮಲ್ಗಿತ್ತು. ಅಣ್ಣ ತೋಟದಲ್ಲಿ ಸೊಪ್ಪು ಕೀಳ್ತಾ ಇತ್ತು."

ಅವಳು ತನ್ನ ತಪ್ಪನ್ನು ಒಪ್ಪಿಕೊಳ್ಳುವಾಗಲೂ ಅಣ್ಣನಿಗೆ ಕೊಟ್ಟ ಮಾತು ಉಳಿಸಿಕೊಂಡಳು. ದೇವರಾಜು ಅವಳ ಮುಖ ನೋಡಲಾರದೆ ತಟ್ಟೆ ನೋಡಿದ.

ಚಿಕ್ಕಬೋರಮ್ಮ ಎದೆ ಬಡಿದುಕೊಂಡಳು. "ಅಯ್ಯೋ, ಮನೆ ಆಳ್ಮಾಡ್ಬುಟ್ಯಲ್ಲೇ! ಎಷ್ಟು ಸತಿ ಬಡ್ಕಂಡಿವ್ನಿ, ಆ ಮೂರು ದಿನ ಆ ಬಾಗ್ಲು ಕಡೆ ತಲೆ ಆಕಿ ಮಲಗ್ಬ್ಯಾಡ ಅಂತ! ಇನ್ಯಾವ ಔಸ್ದಿ ಬೇಕ್ಲಾ ಸಿದ್ದರಾಜ?"

ಸಿದ್ದರಾಜು ಒಂದು ಸಲ ದೇವರಾಜುವನ್ನು, ಒಂದು ಸಲ ಹುಳವನ್ನು ನೋಡಿ, ಏನೂ ಹೇಳದೆ ಹೊರಟುಹೋದ. ಸತ್ತ ಹುಳಗಳನ್ನು ತಿಪ್ಪೆಯ ಪಕ್ಕ ಗುಂಡಿ ತೋಡಿ ಮುಚ್ಚಿದರು. ಗುಂಡಿ ತೋಡಿದವನು ದೇವರಾಜು. ಕೆಳಗಿನ ಎರಡು ತಟ್ಟೆಗಳ ಹುಳ ಸತ್ತಿರಲಿಲ್ಲ. ಆ ಗಲಾಟೆಯಲ್ಲಿ ಅಣ್ಣಮ್ಮ ಅವನ್ನು ಮೂಲೆಗೆ ಸರಿಸಿಟ್ಟಳು. ಮೂರನೆಯ ದಿನ ಅವು ಗೂಡು ಕಟ್ಟಿದವು. ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಆಮೇಲಿನದು ಒಂದೇ ದಿನದಲ್ಲಿ ಆದದ್ದಲ್ಲ. ಊರಿನಲ್ಲಿ ಯಾರೋ ಹೇಮಶ್ರೀಯನ್ನು 'ಹುಳ ಸುಟ್ಟವಳು' ಎಂದರು. ನೀರು ಸೇದುವ ಕಡೆ ಹೆಂಗಸರು ತಮಾಷೆ ಮಾಡಿದರು. ಮುಂದಿನ ವಾರ ಎದುರು ಮನೆಯಲ್ಲಿ ಹುಳ ಹಣ್ಣಾದಾಗ ಎಲ್ಲ ಹುಡುಗಿಯರನ್ನೂ ಆಯಲು ಕರೆದರು, ಅವಳೊಬ್ಬಳನ್ನು ಕರೆಯಲಿಲ್ಲ. ಅವಳು ಕಿಟಕಿಯಲ್ಲಿ ನಿಂತು ಅವರ ನಗು ಕೇಳಿಸಿಕೊಂಡಳು. ಆ ತಿಂಗಳಿನಿಂದ ಅವಳ ಮೂರು ದಿನದ ಚಾಪೆ ಜಗಲಿಯಿಂದ ಕೊಟ್ಟಿಗೆಯ ಪಕ್ಕದ ಸೋಗೆ ಚಪ್ಪರಕ್ಕೆ ಹೋಯಿತು.

ಫೆಬ್ರವರಿ ಕೊನೆಗೆ ನಾಗಮಂಗಲದಿಂದ ಸೋದರತ್ತೆಯ ಕಾಗದ ಬಂತು. ಹೆರಿಗೆಯಾಗಿದೆ, ಬಾಣಂತನಕ್ಕೆ ಯಾರೂ ಇಲ್ಲ.

"ಹೇಮನ್ನ ಕಳಿಸ್ಬುಡು" ಎಂದಳು ಚಿಕ್ಕಬೋರಮ್ಮ ಮಗನಿಗೆ. "ಇಲ್ಲಿದ್ದು ಇನ್ನೇನು ಸುಡ್ಬೇಕು?"

"ಪರೀಕ್ಷೆ ಅದೆ ಕಣವ್ವ, ಮುಂದಿನ್ ತಿಂಗ್ಳು" ಎಂದ ನರಸಯ್ಯ. ಆದರೆ ಆ ದನಿಯಲ್ಲಿ ಗಟ್ಟಿತನವಿರಲಿಲ್ಲ.

"ಹೆಣ್ಣೈಕ್ಳ ಪರೀಕ್ಷೆ ಎಲ್ಲೂ ಓಡೋಗಕಿಲ್ಲ."

ಅಣ್ಣಮ್ಮ ಒಲೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದಳು. ದೇವರಾಜು ಮುದ್ದೆ ನುಂಗುತ್ತಿದ್ದ. ಒಂದು ಮಾತು ಸಾಕಿತ್ತು. ಆ ಮಾತು ಗಂಟಲ ತನಕ ಬಂತು. ಅವನು ಅದರ ಮೇಲೆ ಒಂದು ಲೋಟ ನೀರು ಕುಡಿದ.

ನಾಗಮಂಗಲದ ಬಸ್ಸಿಗೆ ಅವಳ ಚೀಲ ಹೊತ್ತುಕೊಂಡು ಹೋದವನೂ ಅವನೇ. ಗೇಟಿನಲ್ಲಿ ಇಬ್ಬರೂ ನಿಂತರು. ಸಿದ್ದರಾಜುವಿನ ತೋಟದ ಮೂಲೆಯಲ್ಲಿ ಗೂಟವಿತ್ತು, ಬಟ್ಟೆ ಬಿಸಿಲಿಗೆ ಬೆಳ್ಳಗಾಗಿ ನೇತಾಡುತ್ತಿತ್ತು. ಅವಳು ಚೀಲದಲ್ಲಿ ಲೆಕ್ಕದ ಪುಸ್ತಕ ಇಟ್ಟುಕೊಂಡಿದ್ದಳು. ಅದರ ಮೂಲೆ ಅವನ ಬೆನ್ನಿಗೆ ಒತ್ತುತ್ತಿತ್ತು.

"ಅಣ್ಣ, ಒಂದ್ ಮಾತು ಕೇಳ್ಲಾ? ನಿಜ್ವಾಗ್ಲೂ ನನ್ನಿಂದ್ಲೇ ಸತ್ವಾ ಅವು? ವಿಜ್ಞಾನದ ಮೇಷ್ಟ್ರನ್ನ ಕೇಳವಾ ಅಂದ್ಕಂಡೆ, ನಾಚ್ಕೆ ಆಯ್ತು. ನೀನು ಕಾಲೇಜು ಓದ್ತಿಯಲ್ಲ, ನಿಂಗ್ ಗೊತ್ತಿರ್ಬೇಕು."

ಬಸ್ಸು ದೂರದಲ್ಲಿ ಕಾಣಿಸಿತು.

"ನಂಗೊತ್ತಿಲ್ಲ" ಎಂದ ದೇವರಾಜು.

ಔಷಧಿ ಸೊಪ್ಪು ಹಾಕಿದ್ದು ಒಂದು ತಪ್ಪು. ಅಂಗಳದಲ್ಲಿ ಹೇಳಿದ ಸುಳ್ಳು ಇನ್ನೊಂದು. ಆದರೆ ಅವನ ನಿದ್ದೆ ಕೆಡಿಸಿದ್ದು ಗೇಟಿನಲ್ಲಿ ಆಡಿದ ಈ ಮಾತು. ಅದನ್ನು ಹೇಳುವಾಗ ಅವನ ಮುಂದೆ ಯಾರೂ ಇರಲಿಲ್ಲ, ಅವಳೊಬ್ಬಳ ಹೊರತು.

ಪರೀಕ್ಷೆ ಬಂತು, ಹೋಯಿತು. ಹೇಮಶ್ರೀ ನಾಗಮಂಗಲದಲ್ಲಿ ಮಗುವಿನ ಬಟ್ಟೆ ಒಗೆಯುತ್ತಿದ್ದಳು. ಒಂದು ಮಧ್ಯಾಹ್ನ ದೇವರಾಜು ಬಹಳ ದಿನದ ಮೇಲೆ ಆಟದ ಅಂಗಡಿಗೆ ಹೋದ. ಹಲಗೆಯ ಮೇಲೆ ಅವನ ಹೆಸರು ಹಾಗೇ ಇತ್ತು. ಆಡಲು ಕುಳಿತವನು ಎರಡನೆಯ ಹಂತಕ್ಕೇ ಕೈ ಬಿಟ್ಟ.

"ಜಫರಣ್ಣ, ಆ ಹೆಸ್ರು ಅಳಿಸ್ಬುಡು."

"ಯಾಕೋ? ಕಷ್ಟ ಪಟ್ಟು ತಗೊಂಡಿದ್ದು."

ದೇವರಾಜು ಹೇಳಿದ. ಬಸ್ಸಿನ ಹಾರ್ನಿನಿಂದ ಹಿಡಿದು ಗೇಟಿನ ಮಾತಿನವರೆಗೂ ಎಲ್ಲವನ್ನೂ ಹೇಳಿದ. ಜಫರ್ ಕೇಳುತ್ತ ಕೇಳುತ್ತ ಟಿ.ವಿ. ಆರಿಸಿದ. ಸಮಾಧಾನದ ಮಾತು ಬರುತ್ತದೆಂದು ದೇವರಾಜು ಕಾದಿದ್ದರೆ ಅದು ಬರಲಿಲ್ಲ.

"ಇದನ್ನ ನಂಗ್ಯಾಕೆ ಹೇಳ್ತಿದೀಯ?"

"ಯಾರಿಗಾದ್ರೂ ಯೋಳ್ಬೇಕಿತ್ತು."

"ಯಾರಿಗಾದ್ರೂ ಅಲ್ಲ ಕಣೋ. ನಂಗೆ ಹೇಳಿದ್ರೆ ನಿಂಗೆ ಹಗುರ ಆಗ್ತದೆ, ಆ ಹುಡ್ಗೀಗೆ ಏನಾಯ್ತು? ನಮ್ ತಂಗಿ ನೂರ್ ಫಾತಿಮಾನೂ ಹತ್ತನೇ ಕ್ಲಾಸೇ. ಅವಳ ಪರೀಕ್ಷೆ ನಾನು ಹಿಂಗೆ ತಿಂದಿದ್ರೆ, ನಮ್ ಅಬ್ಬಾನ ಮುಖ ಹೆಂಗ್ ನೋಡ್ತಿದ್ದೆ?" ಅವನು ಪೆಟ್ಟಿಗೆಯ ತಂತಿ ಸುತ್ತಿ ಪಕ್ಕಕ್ಕಿಟ್ಟ. "ಅವತ್ತು ಬಸ್ಸು ಹಾರ್ನ್ ಹೊಡ್ದಾಗ ನಿನ್ನ ಕತ್ತು ಹಿಡ್ದು ಎಬ್ಬಿಸ್ಬೇಕಿತ್ತು ನಾನು. ಎಬ್ಬಿಸ್ಲಿಲ್ಲ. ಗಿರಾಕಿ ನೀನು. ನಂದೂ ತಪ್ಪು ಅದೆ ಬಿಡು. ಆದ್ರೆ ಬಟ್ಟೆ ನೋಡ್ದೋನು ನೀನು."

ಅವನು ಎದ್ದು ಹಲಗೆ ಒರೆಸಿದ. ಅಪ್ಪುವಿನ ಹೆಸರೂ ಅದರ ಜೊತೆಗೇ ಹೋಯಿತು.

ಮೇ ತಿಂಗಳಿನಲ್ಲಿ ಹೇಮಶ್ರೀ ಬಂದಳು. ಬಡವಾಗಿದ್ದಳು. ಯಾರು ಕೇಳಿದರೂ ಒಂದೆರಡು ಮಾತಿನಲ್ಲಿ ಉತ್ತರ. ಮನೆಯಲ್ಲಿ ಹೊಸ ಬೆಳೆ ಇತ್ತು. ಅವಳು ಬಂದ ನಾಲ್ಕನೆಯ ದಿನ ಹುಳ ಹಣ್ಣಾಯಿತು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಮುಯ್ಯಾಳಿಗೆ ಅಕ್ಕಪಕ್ಕದ ಹೆಂಗಸರು, ಸಿದ್ದರಾಜು, ಅವನ ಹೆಂಡತಿ ಬಂದಿದ್ದರು. ಎಲ್ಲರೂ ಹುಳದ ಮನೆಯೊಳಗೆ ಹುಳ ಆಯುತ್ತ ಹರಟುತ್ತಿದ್ದಾಗ ಹೇಮಶ್ರೀ ತಾನಾಗಿಯೇ ಹೊಸಿಲ ತನಕ ಬಂದು ನಿಂತಳು. ಅವಳ ಕೈ ತಡೆಯಲಾರದೆ ಚಡಪಡಿಸುತ್ತಿದ್ದದ್ದು ದೇವರಾಜುವಿಗೆ ಕಾಣಿಸಿತು.

"ಅಮ್ಮಿ, ನೀನು ಅಲ್ಲೇ ಇರು" ಎಂದಳು ಚಿಕ್ಕಬೋರಮ್ಮ.

"ನಾನೀಗ ಹೊರಗಾಗಿಲ್ಲ ಅಜ್ಜಿ."

"ಇಲ್ದಿದ್ರೂ ಸೈ. ನಿನ್ ಕೈಗುಣ ನೋಡಾಗದೆ."

ಹೆಂಗಸರಲ್ಲೊಬ್ಬಳು ಕಿಸಕ್ಕೆಂದಳು. ಹೇಮಶ್ರೀ "ಆಯ್ತು" ಎಂದು ಹಿಂದಕ್ಕೆ ಸರಿದಳು. ಅವಳು ಅದನ್ನು ನಂಬಿಬಿಟ್ಟಿದ್ದಳು. ತನ್ನ ಕೈಗಳನ್ನೇ ಒಮ್ಮೆ ನೋಡಿಕೊಂಡಳು.

ದೇವರಾಜು ಹಿಡಿದಿದ್ದ ಚಂದ್ರಿಕೆಯನ್ನು ಗೋಡೆಗೆ ಒರಗಿಸಿದ.

"ಅಪ್ಪ, ಅವತ್ತು ಸೊಪ್ಪು ನಾನು ನಮ್ ತೋಟದಲ್ಲಿ ಕೀಳ್ನಿಲ್ಲ. ಸಿದ್ದರಾಜಣ್ಣನ ತೋಟದಲ್ಲಿ ಕಿತ್ತೆ."

ಹರಟೆ ನಿಂತಿತು.

"ಒಂದೂವರೆ ಬಸ್ಸಿಗೆ ಬರ್ನಿಲ್ಲ ನಾನು. ಐದು ಗಂಟೆ ಬಸ್ಸಿಗೆ ಬಂದೆ. ಪಾಂಡವಪುರದಲ್ಲಿ ಆಟ ಆಡ್ತಾ ಕೂತಿದ್ದೆ. ಹೇಮ ಒಳಗೋಗಿದ್ದು ನಾನು ಬರ್ದೇ ಇದ್ದದ್ಕೆ. ಉಳ ಸತ್ತಿದ್ದು ನನ್ ಸೊಪ್ಪಿಗೆ."

ನರಸಯ್ಯ ಹೊಡೆಯುತ್ತಾನೆಂದು ಅವನು ಮೈ ಬಿಗಿ ಹಿಡಿದು ನಿಂತಿದ್ದ. ನರಸಯ್ಯ ಅಲ್ಲೇ ಕುಕ್ಕರಿಸಿದ.

"ಆಟಾನಾ?" ಎಂದ.

"ಅಂಗಳದಲ್ಲಿ ನಿಂತ್ಕಂಡು ಕೇಳಿದ್ನಲ್ಲೋ ನಿನ್ನ" ಎಂದ ಸಿದ್ದರಾಜು. "ಇಲ್ಲ ಅಂದೆಯಲ್ಲೋ. ನಂಗೂ ಅನುಮಾನ ಇತ್ತು. ಹುಡ್ಗನ ಬಾಯಲ್ಲಿ ಬರ್ಲಿ ಅಂತ ಸುಮ್ಕಾದೆ. ಸುಮ್ಕಾಗ್ಬಾರ್ದಿತ್ತು."

"ಏನಾರ ಆಗ್ಲಿ, ಮುಟ್ಟಾದೋಳು ಒಳಗೋಗಿದ್ದು ತಪ್ಪಲ್ವಾ?" ಎಂದಳು ಚಿಕ್ಕಬೋರಮ್ಮ. ದನಿ ಮೊದಲಿನಷ್ಟು ಜೋರಿರಲಿಲ್ಲ. ಆದರೂ ಬಿಡಲಿಲ್ಲ.

ಆಗ ಅಣ್ಣಮ್ಮ ಬಾಯಿ ತೆರೆದಳು. ಅತ್ತೆಯ ಮುಂದೆ ಅವಳು ಹಾಗೆ ಮಾತಾಡಿದ್ದನ್ನು ಮನೆಯವರು ಕೇಳಿದ್ದು ಅದೇ ಮೊದಲು.

"ಅತ್ತೆ, ಅವ್ಳು ಮುಟ್ಟಿದ್ದು ಕೆಳಗಿನ ಎರಡು ತಟ್ಟೆ. ಸಾಯ್ದೆ ಉಳ್ಕಂಡಿದ್ದು ಅವೆರಡೇಯ. ಗೂಡು ಬಿಡಿಸ್ದೋಳು ನಾನು, ನಂಗ್ ಗೊತ್ತು. ಅವತ್ತೇ ಗೊತ್ತಿತ್ತು. ಬಾಯಿ ಬರ್ನಿಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಹೊ‌ಸಿಲಿನ ಕಡೆ ತಿರುಗಿದಳು. "ಬಾ ಹೇಮ. ಈ ತಟ್ಟೆ ನೀನ್ ನೋಡು."

ಹೇಮಶ್ರೀ ಒಳಗೆ ಬಂದಳು. ಆದರೆ ತಟ್ಟೆಯ ಕಡೆ ಹೋಗಲಿಲ್ಲ. ಅಣ್ಣನ ಮುಂದೆ ಬಂದು ನಿಂತಳು.

"ಬಟ್ಟೆ ಕಟ್ಟಿದ್ದು ಕಂಡಿತ್ತಾ ನಿಂಗೆ?"

ಕಾಣಲಿಲ್ಲ ಎನ್ನಬಹುದಿತ್ತು. ಕತ್ತಲಾಗಿತ್ತು ಎನ್ನಬಹುದಿತ್ತು.

"ಕಂಡಿತ್ತು."

"ಗೇಟಲ್ಲಿ ನಾನು ಕೇಳ್ದಾಗ್ಲೂ ಗೊತ್ತಿತ್ತು?"

"ಗೊತ್ತಿತ್ತು."

ಅವಳು ತಲೆ ಆಡಿಸಿದಳು, ಲೆಕ್ಕದ ಉತ್ತರ ತಾಳೆಯಾದವಳ ಹಾಗೆ. ಆಮೇಲೆ ಕುಳಿತು ಹುಳ ಆಯತೊಡಗಿದಳು. ಅವಳ ಬೆರಳುಗಳು ಮೊದಲಿನಷ್ಟೇ ಚುರುಕಾಗಿದ್ದವು. ಸಂಜೆಯವರೆಗೂ ಆಯ್ದಳು. ಅಣ್ಣನ ಜೊತೆ ಮಾತಾಡಲಿಲ್ಲ.

ಅಂದು ಊಟಕ್ಕೆ ಕುಳಿತಾಗ ಅವಳು ಅಪ್ಪನಿಗೆ ಹೇಳಿದಳು, "ಅಕ್ಟೋಬರ್‌ನಲ್ಲಿ ಪರೀಕ್ಷೆ ಕಟ್ತೀನಿ."

"ಕಟ್ಟವ್ವ" ಎಂದ ನರಸಯ್ಯ.

ಅವಳ ಜೊತೆಯವರು ಜೂನಿನಲ್ಲಿ ಕಾಲೇಜು ಸೇರಿದರು. ಬೆಳಗಿನ ಬಸ್ಸಿಗೆ ಅವರು ಹೋಗುವಾಗ ಅವಳು ಕಸ ಗುಡಿಸುವುದನ್ನು ನಿಲ್ಲಿಸಿ ಒಳಗೆ ಹೋಗುತ್ತಿದ್ದಳು. ಆ ವರ್ಷವನ್ನು ಯಾರೂ ಅವಳಿಗೆ ವಾಪಸು ಕೊಡುವಂತಿರಲಿಲ್ಲ.

ಜುಲೈಯಲ್ಲಿ ಮತ್ತೆ ಹುಳ ಮೇಯಿಸತೊಡಗಿದರು. ಸೊಪ್ಪು ತರುವ ಕೆಲಸ ದೇವರಾಜುವಿನದು. ಅವನು ಪ್ರತಿದಿನ ಒಂದೂವರೆ ಬಸ್ಸಿಗೆ ಬಂದು, ನಾಲೆಯಾಚೆಯ ಸ್ವಂತ ತೋಟದಿಂದಲೇ ಸೊಪ್ಪು ಹೊತ್ತು ತರುತ್ತಿದ್ದ. ಮೊದಲ ದಿನ ಚೀಲ ಇಳಿಸಿ ತಟ್ಟೆಗೆ ಕೈ ಹಾಕಿದಾಗ ಹೇಮಶ್ರೀ ತಡೆದಳು. ಚೀಲದ ಮೇಲಿನಿಂದ ಒಂದು ಹಿಡಿ, ನಡುವಿನಿಂದ ಒಂದು, ತಳದಿಂದ ಒಂದು ಹಿಡಿ ಸೊಪ್ಪು ತೆಗೆದಳು. ಹತ್ತು ಹುಳ ಎಣಿಸಿ ಒಂದು ಸಣ್ಣ ಮೊರಕ್ಕೆ ಹಾಕಿ, ಅವುಗಳ ಮುಂದೆ ಆ ಸೊಪ್ಪು ಹರವಿದಳು.

"ಒಂದು ಗಂಟೆ ನೋಡಿ ಆಮೇಲೆ ಆಕೋದು" ಎಂದಳು.

ಅಂದಿನಿಂದ ಪ್ರತಿದಿನವೂ ಹಾಗೆಯೇ. ಅಪ್ಪ ಸೊಪ್ಪು ತಂದರೆ ಅವಳು ನೇರವಾಗಿ ತಟ್ಟೆಗೆ ಹಾಕುತ್ತಿದ್ದಳು. ಅವ್ವ ತಂದರೂ ಅಷ್ಟೆ. ಅಣ್ಣ ತಂದರೆ ಮಾತ್ರ ಮೊರ, ಹತ್ತು ಹುಳ, ಒಂದು ಗಂಟೆ. ಚಿಕ್ಕಬೋರಮ್ಮನಿಗೂ ಅದು ಅತಿಯೆನಿಸಿ, "ಪಾಪ, ಬುಡಮ್ಮಿ, ಇನ್ನೆಷ್ಟು ದಿನ" ಎಂದಳು ಒಮ್ಮೆ. ಹೇಮಶ್ರೀ ಹುಳ ಎಣಿಸುವುದನ್ನು ನಿಲ್ಲಿಸಲಿಲ್ಲ.

ಆ ಒಂದು ಗಂಟೆ ದೇವರಾಜು ಎಲ್ಲಿಗೂ ಹೋಗುತ್ತಿರಲಿಲ್ಲ. ಮೊರದ ಪಕ್ಕ ಮಂಡಿಯೂರಿ ಕುಳಿತಿರುತ್ತಿದ್ದ. ಎದುರಿಗೆ ಅವಳು ಲೆಕ್ಕದ ಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದಳು. ಗೋಡೆಯ ಗಡಿಯಾರ ನಡೆಯುತ್ತಿತ್ತು. ಒಂದು ದಿನ ಅವನು ಬಗ್ಗಿ ನೋಡಿದ. ಹತ್ತೂ ಹುಳ ಎಲೆಯ ಅಂಚು ಹಿಡಿದು ಚೆನ್ನಾಗಿ ತಿನ್ನುತ್ತಿದ್ದವು. ಎಲೆಗಳ ದಂಟು ಮಾತ್ರ ಉಳಿದಿತ್ತು. ಅವನು ಚೀಲದ ಬಾಯಿಗೆ ಕೈ ಚಾಚಿದ.

"ಇನ್ನೂ ಹತ್ತು ನಿಮಿಷ ಅದೆ" ಎಂದಳು ಹೇಮಶ್ರೀ, ಪುಸ್ತಕದಿಂದ ತಲೆ ಎತ್ತದೆ.

ದೇವರಾಜು ಕೈ ಹಿಂದಕ್ಕೆ ತೆಗೆದುಕೊಂಡು ಕುಳಿತ.